ಓಣಿಯ ಕಣ್ಣುಬೇನೆಗೆ ನಾನು ಹಾಕಿದ ಲೆಕ್ಕ

ನಾನು ಜೀವನದಲ್ಲಿ ಒಂದೇ ಒಂದು ಸಲ ಸಮಾಜಸೇವೆ ಮಾಡಿದ್ದೇನೆ. ಆಮೇಲೆ ಯಾರೂ ನನ್ನನ್ನು ಕರೆಯಲಿಲ್ಲ. ನಾನಾಗಿ ಮುಂದೆ ಹೋದರೂ ಕೈಮುಗಿದು ಬೇಡವೆಂದರು. ಇದು ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾನು ಗದಗಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮನೆ ಮಾತ್ರ ಬೆಟಗೇರಿಯಲ್ಲಿ, ನೇಕಾರರ ಓಣಿಯಲ್ಲಿ. ಮುಂಜಾನೆಯಿಂದ ಸಂಜೆಯವರೆಗೆ ಮಗ್ಗದ ಸದ್ದು. ರೂಢಿಯಾಗಿ ಹೋಗಿದ್ದರಿಂದ, ಅದು ನಿಂತ ದಿನ ನನಗೆ ಓದಲು ಆಗುತ್ತಿರಲಿಲ್ಲ. ಕಠಿಣವಾದ ಲೆಕ್ಕ ಎದುರಾದರೆ ಕನ್ನಡಕವನ್ನು ಹಣೆಗೇರಿಸಿ ಕಣ್ಣು ಉಜ್ಜಿಕೊಳ್ಳುವ ಚಾಳಿ ನನಗಿದೆ. ಅದಕ್ಕಾಗಿ ಹೆಂಡತಿ ಸರೋಜಾಳಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಆ ವರ್ಷ ದಸರೆಗೆ ಇನ್ನೂ ಹದಿನೈದು ದಿನ ಇರುವಾಗ ಓಣಿಗೆ ಕಣ್ಣುಬೇನೆ ಬಂತು. ಮೊದಲು ಬಂದದ್ದು ಎದುರುಮನೆಯ ನೇಕಾರ ನಾಗಪ್ಪನ ತಾಯಿ ಕಾಶವ್ವನಿಗೆ. ಮಗನಿಗೆ ತಗಲಬಾರದೆಂದು ಆಕೆ ಹಿತ್ತಲ ಕೋಣೆ ಸೇರಿ, ಎಂಟು ದಿನಕ್ಕೆ ಗುಣವಾಗಿ ಹೊರಗೆ ಬಂದಳು. ಅಷ್ಟರಲ್ಲಿ ಬೇನೆ ನಾಲ್ಕು ಮನೆ ದಾಟಿತ್ತು. ಕೆಂಪಾದ ಕಣ್ಣನ್ನು ನೋಡಿದರೆ ಬೇನೆ ಬರುತ್ತದೆ ಎಂಬುದು ಓಣಿಯವರ ಸಿದ್ಧಾಂತ. ಹೀಗಾಗಿ ಎಲ್ಲರೂ ಒಬ್ಬರ ಕಾಲು ಒಬ್ಬರು ನೋಡುತ್ತ ಮಾತಾಡತೊಡಗಿದರು. ಹತ್ತಿರದ ದವಾಖಾನೆಯ ಕಂಪೌಂಡರ್ ದಾವಲಸಾಬ ನನ್ನ ಮುಂದೆ ಗೋಳು ತೋಡಿಕೊಂಡ: "ಮಾಸ್ತರ, ಕಣ್ಣಿಗೆ ಹಾಕೋ ಔಷಧ ಎರಡ ಬಾಟ್ಲಿ ಉಳದಾವ್ರಿ. ಯಾರಿಗೆ ಹಾಕ್ಲಿ, ಯಾರಿಗೆ ಬಿಡ್ಲಿ, ನೀವರೆ ಹೇಳ್ರಿ."

ಶಿರಹಟ್ಟಿಯಲ್ಲಿದ್ದ ನಮ್ಮ ತಂದೆಗೆ ಇಂಥ ಪ್ರಶ್ನೆಯೇ ಬರುತ್ತಿರಲಿಲ್ಲ. ಮನೆಯಲ್ಲಿ ಒಬ್ಬನ ಹೊಟ್ಟೆ ಕೆಟ್ಟರೆ ಅವರು ಏಳೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹರಳೆಣ್ಣೆ ಕುಡಿಸುತ್ತಿದ್ದರು. ಯಾರ ಹೊಟ್ಟೆ ಕೆಟ್ಟಿದೆ ಎಂದು ಪತ್ತೆಹಚ್ಚುವ ಖಟಪಟಿಗಿಂತ ಎಲ್ಲರಿಗೂ ಕುಡಿಸುವುದೇ ಅಗ್ಗ ಎಂಬುದು ಅವರ ಅರ್ಥಶಾಸ್ತ್ರ. ಎಣ್ಣೆ ಮನೆಯದೇ ಆಗಿದ್ದರಿಂದ ಅದು ನಡೆಯಿತು. ಎರಡು ಬಾಟಲಿಯಲ್ಲಿ ಓಣಿ ನಡೆಸಬೇಕಾದರೆ ಬುದ್ಧಿ ಬೇಕು, ಆ ಬುದ್ಧಿ ನನ್ನಲ್ಲಿದೆ ಎಂದು ನನಗೆ ಖಾತ್ರಿಯಿತ್ತು. ಕಾಲೇಜಿನ ಗೆಳೆಯನೊಬ್ಬನಿಂದ ತಂದ ಪುಸ್ತಕದಲ್ಲಿ ಅಂಟುರೋಗ ಹಬ್ಬುವ ಗಣಿತವೇ ಇತ್ತು. ಜನರನ್ನು ಮೂರು ಖಾನೆಗೆ ಹಾಕಬೇಕು: ಇನ್ನೂ ಬರದವರು, ಬಂದವರು, ಬಂದು ಹೋದವರು. ಒಬ್ಬ ರೋಗಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಅಂಟಿಸಿದರೆ ರೋಗ ಬೆಳೆಯುತ್ತದೆ, ಅದಕ್ಕಿಂತ ಕಡಿಮೆಯಾದರೆ ತಾನಾಗಿ ಆರುತ್ತದೆ. ಎಲ್ಲರನ್ನೂ ಕಾಯಬೇಕಾಗಿಲ್ಲ; ಜನ ಜನರನ್ನು ಮುಟ್ಟುವುದನ್ನು ಒಂದಿಷ್ಟು ಕಡಿಮೆ ಮಾಡಿದರೆ ಸಾಕು. ಇದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ, ಅಷ್ಟು ಸಂತೋಷವಾಗಿತ್ತು.

ದೊಡ್ಡ ಹಾಳೆಯ ಮೇಲೆ ಓಣಿಯ ಇಪ್ಪತ್ತೆರಡು ಮನೆಗಳನ್ನು ಚೌಕ ಚೌಕವಾಗಿ ಬರೆದೆ. ಯಾವ ಮನೆಯ ಬೇನೆಯಿಂದ ಎಷ್ಟು ನಷ್ಟ ಎಂದು ನೋಡುತ್ತ ಹೋದಾಗ ನನ್ನ ಪೆನ್ಸಿಲ್ಲು ನಾಗಪ್ಪನ ಮನೆಯ ಮೇಲೆ ನಿಂತಿತು. ಅವನ ಮಗ್ಗದ ಮೇಲೆ ಲಕ್ಷ್ಮೇಶ್ವರದ ಒಂದು ಮನೆಯ ನಿಶ್ಚಯದ ಸೀರೆ ಇತ್ತು. ದಸರೆಯಾದ ಒಂಬತ್ತನೆಯ ದಿನ ಅದು ಅಲ್ಲಿ ಇರಬೇಕು. ತಪ್ಪಿದರೆ ಇನ್ನು ಮೇಲೆ ಕೆಲಸ ಬೇರೆಯವರಿಗೆ ಎಂದು ವ್ಯಾಪಾರಿ ಹೇಳಿ ಹೋಗಿದ್ದ. ಕೂದಲೆಳೆಯಂಥ ನೂಲು, ಕಣ್ಣಿಲ್ಲದೆ ಆಗುವ ಕೆಲಸವಲ್ಲ. ನಾಗಪ್ಪನ ಕಣ್ಣು ಉಳಿಸುವುದೇ ನನ್ನ ಗಣಿತದ ಪರೀಕ್ಷೆ ಎಂದುಕೊಂಡೆ. ಅಪಾಯವಿದ್ದದ್ದು ಬನ್ನಿಯ ದಿನ. ಅಂದು ಸಂಜೆ ಪ್ರತಿ ಮನೆಯವರೂ ಉಳಿದೆಲ್ಲ ಮನೆಗೆ ಹೋಗಿ, ಕೈಯಲ್ಲಿ ಕೈಯಿಟ್ಟು ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎನ್ನಬೇಕು. ಗುಣಾಕಾರ ಮಾಡಿದೆ: ನಾನೂರ ಅರವತ್ತೆರಡು ಭೇಟಿ. ಒಂದು ಸಂಜೆ ಎಲ್ಲರೂ ಮನೆಯಲ್ಲಿ ಕೂತರೆ ಬೇನೆ ಆರಿಹೋಗುತ್ತದೆ, ಆ ಎರಡು ಬಾಟಲಿಯೂ ಬೇಕಾಗಿಲ್ಲ, ಖರ್ಚು ಸೊನ್ನೆ.

ಇದನ್ನು ಜನಕ್ಕೆ ತಿಳಿಸುವುದು ಹೇಗೆ? ಮನೆ ಮನೆಗೆ ಹೋಗಿ ಹೇಳುವುದೇ ಸರಿ ಎನ್ನಿಸಿತು. ಲೆಕ್ಕ ಮುಗಿಯುವುದಕ್ಕೆ ಹಬ್ಬದ ಮಧ್ಯಾಹ್ನವೇ ಆಗಿತ್ತು. ನಾಲ್ಕು ಗಂಟೆಗೆ ಹಾಳೆ ಹಿಡಿದು ಹೊರಟೆ. ನೋಡುವುದರಿಂದ ಬೇನೆ ಬರುವುದಿಲ್ಲ, ಕೈಯಿಂದ ಬರುತ್ತದೆ ಎಂದು ಮನದಟ್ಟು ಮಾಡಲು ಪ್ರತಿ ಮನೆಯಲ್ಲೂ ಯಜಮಾನನ ಕೈಯನ್ನು ನನ್ನ ಕೈಯಲ್ಲಿ ಹಿಡಿದು, "ನೋಡ್ರಿ, ಹಿಂಗ ಮುಟ್ಟಿದರ ಬರ್ತದ" ಎಂದು ತೋರಿಸಿದೆ. ಎಲ್ಲರೂ ಗೌರವದಿಂದ ಕೇಳಿದರು, ಗೌರವದಿಂದಲೇ ನನ್ನ ಕೈಗೆ ಬನ್ನಿ ಹಾಕಿದರು. ಬೇಡವೆಂದರೆ, "ಹಬ್ಬದ ದಿನ ಮನಿತನಕ ಬಂದು ಹಂಗ ಹೋಗ್ತೀರೇನ್ರಿ? ನೀವಾದ ಮ್ಯಾಲೆ ಯಾರಿಗೂ ಕೊಡೂದಿಲ್ಲ, ಆತಲ್ಲ?" ಎನ್ನುತ್ತಿದ್ದರು. ಅರ್ಧ ದಾರಿಯಲ್ಲಿ ಕಿಸೆ ತುಂಬಿತು. ಬೇನೆಯಿದ್ದ ಮನೆಗಳನ್ನಂತೂ ಬಿಡುವ ಹಾಗಿರಲಿಲ್ಲ. ಅವರಿಗೇ ತಾನೇ ಮೊದಲು ತಿಳಿಯಬೇಕಾದದ್ದು?

ಕೊನೆಗೆ ನಾಗಪ್ಪನ ಮನೆ. ಅವನು ಮಗ್ಗದ ಮುಂದೆ ಕೂತಿದ್ದ. ಓಣಿಯಲ್ಲಿ ನನ್ನ ಮಾತನ್ನು ಮನಸಾರೆ ನಂಬಿದವನು ಅವನೊಬ್ಬನೇ. "ನೀವು ಹೇಳಿದ ಮ್ಯಾಲೆ ಮುಗೀತ್ರಿ ಮಾಸ್ತರ, ಇವತ್ತ ಹೊಸ್ತಿಲ ದಾಟೂದಿಲ್ಲ. ಯಾರನ್ನೂ ಒಳಗ ಬಿಡೂದಿಲ್ಲ" ಎಂದ. ನನಗೆ ಕಣ್ಣು ತುಂಬಿ ಬಂತು. ಅವನ ಎರಡೂ ಕೈ ಹಿಡಿದು ಧೈರ್ಯ ಹೇಳಿದೆ. ಅವನೂ ಬನ್ನಿ ಕೊಟ್ಟ.

ಮೂರನೆಯ ದಿನ ಮುಂಜಾನೆ ನನ್ನ ಕಣ್ಣು ತೆರೆಯಲೇ ಇಲ್ಲ. ಸರೋಜಾ ಬಿಸಿನೀರಿನಲ್ಲಿ ಅರಿವೆ ಅದ್ದಿ ಒರೆಸುತ್ತ ಹಾಳೆಯನ್ನು ನೋಡಿ, "ಇದರಾಗ ನಮ್ಮ ಮನಿ ಎಲ್ಲೈತ್ರಿ?" ಎಂದು ಕೇಳಿದಳು. ಎಲ್ಲಿಯೂ ಇರಲಿಲ್ಲ. ಆ ದಿನವೇ ನಾಗಪ್ಪನ ಮಗ್ಗ ನಿಂತಿತು. ಕೆಂಪು ಕಣ್ಣಿನಲ್ಲೇ ಓಡಿಹೋಗಿ ಅವನ ಕಿಟಕಿಯಲ್ಲಿ ನಿಂತು ಕೇಳಿದೆ, "ಅವತ್ತ ಯಾರ್ಯಾರು ಬಂದಿದ್ರು, ನಾಗಪ್ಪ? ನೆನಪು ಮಾಡಿಕೊಂಡು ಹೇಳು."

"ಯಾರೂ ಬಂದಿಲ್ರಿ," ಎಂದ ಅವನು, ಕಣ್ಣಿನ ಮೇಲೆ ಒದ್ದೆ ಅರಿವೆ ಇಟ್ಟುಕೊಂಡು. ಆಮೇಲೆ ಬಹಳ ಸಂಕೋಚದಿಂದ, "ನೀವೊಬ್ಬರ" ಎಂದ.

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಓಣಿಯಲ್ಲಿ ಹಬ್ಬದ ಮೇಲೆ ಬೇನೆ ಬಿದ್ದ ಉಳಿದವರಿಗೆ ಅದು ಎಲ್ಲಿಂದಾದರೂ ಬಂದಿರಬಹುದು ಎಂದು ವಾದಿಸಬಹುದಿತ್ತು. ನನ್ನ ಮಾತು ಕೇಳಿದ ಒಬ್ಬನೇ ಮನುಷ್ಯನ ವಿಷಯದಲ್ಲಿ ವಾದಕ್ಕೆ ಎಡೆಯೇ ಇರಲಿಲ್ಲ. ಮುಂಡರಗಿಯಲ್ಲಿರುವ ಮಾವನ ಮನೆಗೆ ಹೋಗಿ ಒಂದು ತಿಂಗಳು ಇದ್ದುಬಿಡೋಣವೇ ಎಂದೂ ಯೋಚಿಸಿದೆ. ಸರೋಜಾ, "ಅಲ್ಲೀ ಮಂದಿ ಏನ್ ಪಾಪ ಮಾಡ್ಯಾರ?" ಎಂದಳು.

ಮಧ್ಯಾಹ್ನ ಮಗ್ಗದ ಸದ್ದು ಮತ್ತೆ ಕೇಳಿಸಿತು, ನಿಧಾನವಾಗಿ, ತಡೆದು ತಡೆದು. ಹೋಗಿ ನೋಡಿದರೆ ಕಾಶವ್ವ ಕೂತಿದ್ದಳು. ಹತ್ತು ವರ್ಷದಿಂದ ಲಾಳಿ ಮುಟ್ಟದಿದ್ದ ಮುದುಕಿ. ಬೇನೆ ಬಂದು ಹೋದವಳಾದ್ದರಿಂದ ಆಕೆಗೆ ಯಾರ ಭಯವೂ ಇರಲಿಲ್ಲ. ಪುಸ್ತಕದ ಮೂರನೆಯ ಖಾನೆಯವರನ್ನು ನಾನು ಲೆಕ್ಕದಿಂದ ತೆಗೆದು ಬದಿಗಿಟ್ಟಿದ್ದೆ, ಅವರಿಂದ ಉಪಯೋಗವೂ ಇಲ್ಲ ಅಪಾಯವೂ ಇಲ್ಲ ಎಂದು. ಆಕೆ ಆರು ದಿನ ಏಳದೆ ಕೂತು ಸೀರೆ ಮುಗಿಸಿದಳು. ಸೆರಗಿನಲ್ಲಿ ಎರಡು ಕಡೆ ನೂಲು ಸಡಿಲಾಗಿತ್ತಂತೆ, ಲಕ್ಷ್ಮೇಶ್ವರದವರಿಗೆ ಅದು ಕಾಣಿಸಲಿಲ್ಲ. ವ್ಯಾಪಾರಿ ನಾಗಪ್ಪನಿಗೇ ಇನ್ನೆರಡು ಸೀರೆ ಹೇಳಿ ಹೋದ. ಆ ಖಬರ ಕೇಳಿದ ಮೇಲೆಯೇ ನಾನು ತಲೆಯೆತ್ತಿ ಓಣಿಯಲ್ಲಿ ನಡೆದಾಡಿದ್ದು.

ಮರುವರ್ಷ ಬನ್ನಿಯ ದಿನ ಮೂರೂವರೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕಟ್ಟೆಯ ಮುಂದೆ ಇಡೀ ಓಣಿ. ಮುಂದೆ ಕಾಶವ್ವ, ಪಕ್ಕದಲ್ಲಿ ದಾವಲಸಾಬ, ಹಿಂದೆ ನಾಗಪ್ಪ ನಗು ತಡೆಯುತ್ತ ನಿಂತಿದ್ದ. ಕಾಶವ್ವ ಬನ್ನಿಯನ್ನು ಹೊಸ್ತಿಲ ಮೇಲಿಟ್ಟು, "ನೀವು ಹೊರಗ ಬರಾಕ ಹೋಗಬ್ಯಾಡ್ರಿ ಮಾಸ್ತರ, ಅಲ್ಲೇ ಕುಂಡ್ರಿ. ನಾವ ಬಂದೀವಿ" ಎಂದಳು.

ನನಗೆ ಸ್ವಲ್ಪ ಸಿಟ್ಟೇ ಬಂತು. "ಅಲ್ಲಬೇ, ಈ ವರ್ಷ ಓಣ್ಯಾಗ ಒಬ್ಬರಿಗೂ ಕಣ್ಣಬ್ಯಾನಿ ಇಲ್ಲ. ಅಂಜೂದು ಯಾಕ?" ಎಂದೆ.

"ಎಲ್ಲಿಂದ ಬರಬೇಕ್ರಿ?" ಎಂದಳು ಕಾಶವ್ವ. "ನೀವು ಮನ್ಯಾಗ ಕುಂತೀರಲ್ಲ."

ಖರ್ಚು ಸೊನ್ನೆ, ಮನೆಯಲ್ಲಿ ಕೂಡಿಸಬೇಕಾದದ್ದು ಒಬ್ಬನನ್ನು. ಅವರು ಹೋದ ಮೇಲೆ ಹಾಳೆ ತೆಗೆದು ಎಲ್ಲಿಯಾದರೂ ತಪ್ಪು ಸಿಗುತ್ತದೆಯೇ ಎಂದು ಎರಡೆರಡು ಸಲ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು.