ದೊಡ್ಡಕ್ಕನ ಚೌಕ ರಜಾಯಿ

ಹನ್ನೊಂದು ದಿನ ಮೊದಲು ಹುಟ್ಟಿದ್ದೇ ಸುಯುನಳ ಜೀವನದ ಅತಿ ದೊಡ್ಡ ಸಾಧನೆ. ಚೀನಾದ ಜಿನಾನ್ ನಗರದ ಆ ವಿಶ್ವವಿದ್ಯಾಲಯದಲ್ಲಿ, ಹುಡುಗಿಯರ ಹಾಸ್ಟೆಲಿನ ನಾಲ್ಕನೇ ಮಹಡಿಗೆ ಹೊಸದಾಗಿ ಬಂದ ನಾಲ್ವರು ಪೆಟ್ಟಿಗೆ ಇಳಿಸಿದ ಕೂಡಲೇ ಹುಟ್ಟಿದ ತಾರೀಖು ಹೋಲಿಸಿ ನೋಡಿದರು. ಒಂದೇ ಕೋಣೆಯವರು ವಯಸ್ಸಿನ ಪ್ರಕಾರ ಅಕ್ಕ ತಂಗಿಯರಾಗುವುದು ಅಲ್ಲಿನ ವಾಡಿಕೆ. ಟೊಂಗ್‌ಯಾನ್‌ಳನ್ನು ಹನ್ನೊಂದು ದಿನಗಳ ಭಾರೀ ಅಂತರದಿಂದ ಸೋಲಿಸಿ ಸುಯುನ್ ದೊಡ್ಡಕ್ಕನ ಪಟ್ಟಕ್ಕೇರಿದಳು. ಟೊಂಗ್‌ಯಾನ್ ಎರಡನೆಯವಳಾದಳು. ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಖರ್ಚು ಮಾಡದ ಮಿನ್‌ಚಿಯು ಮೂರನೆಯವಳು. ಎಲ್ಲರಿಗಿಂತ ಚಿಕ್ಕವಳಾದ ಜೆನ್‌ಜೆನ್ ಎಲ್ಲರಿಗೂ ಪುಟ್ಟಿ.

ಪಟ್ಟವೇನೋ ಸಿಕ್ಕಿತು. ಆದರೆ ದಕ್ಷಿಣದ ಲಿಯುಜೌ ಊರಿನ ತನ್ನ ಮನೆಯಲ್ಲಿ ಈ ದೊಡ್ಡಕ್ಕ ಒಲೆ ಹಚ್ಚಿದವಳಲ್ಲ, ಹಾಸಿಗೆ ಮಡಿಸಿದವಳಲ್ಲ. ಸೀಗಡಿಯ ಸಿಪ್ಪೆಯನ್ನೂ ಅಮ್ಮನೇ ಸುಲಿದು ತಟ್ಟೆಗೆ ಹಾಕಬೇಕಿತ್ತು. ಈ ವಿಷಯವನ್ನು ಅವಳು ಕೋಣೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬಂದ ಒಂದು ವಾರಕ್ಕೆ, ಭಾನುವಾರ ಮಧ್ಯಾಹ್ನ, ಪುಟ್ಟಿ ದಿಂಬಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು.

"ಏನಾಯ್ತೇ?" ಎಂದಳು ಸುಯುನ್.

"ಶುಕ್ರವಾರ ನನ್ನ ಹುಟ್ಟುಹಬ್ಬ ದೊಡ್ಡಕ್ಕ. ಹದಿನೆಂಟು ತುಂಬುತ್ತೆ. ಮನೇಲಿದ್ದಿದ್ರೆ ಅಮ್ಮ ಆಯುಷ್ಯದ ಶಾವಿಗೆ ಮಾಡ್ತಿದ್ಲು. ಬಟ್ಟಲು ತುಂಬ ಒಂದೇ ಎಳೆ. ಮೇಲೊಂದು ಮೊಟ್ಟೆ."

ಶಾನ್ಶಿ ಪ್ರಾಂತದ ಹುಡುಗಿಗೆ ಹುಟ್ಟುಹಬ್ಬದ ದಿನ ಶಾವಿಗೆ ಇಲ್ಲವೆಂದರೆ ವಯಸ್ಸೇ ಏರಿದಂತಲ್ಲ. ಸುಯುನ್ ಎದೆ ತಟ್ಟಿಕೊಂಡು ಎದ್ದು ನಿಂತಳು.

"ಅಳಬೇಡ. ನಾನಿರೋವಾಗ ನಿನ್ನ ಹುಟ್ಟುಹಬ್ಬ ಶಾವಿಗೆ ಇಲ್ದೆ ಕಳೆಯುತ್ತಾ? ಇದೇ ಕೋಣೇಲಿ, ನನ್ನ ಕೈಯಾರೆ ಮಾಡಿ, ಮೂರೂ ಜನ ಸುತ್ತ ಕೂತು ತಿನ್ನಿಸ್ತೀವಿ. ಶುಕ್ರವಾರ ಸಂಜೆ. ಬರೆದಿಟ್ಕೋ."

"ಅಕ್ಕ," ಎಂದಳು ಟೊಂಗ್‌ಯಾನ್. ಈಶಾನ್ಯದ ಹಿಮದ ಸೀಮೆಯವಳು, ಅವಳು ಪಿಸುಗುಟ್ಟಿದರೂ ಮೂರು ಕೋಣೆಗೆ ಕೇಳಿಸುತ್ತದೆ. "ಮೊನ್ನೆ ಬಿಸಿನೀರಿನ ಫ್ಲಾಸ್ಕ್ ಮುಚ್ಚಳ ತೆಗೆಯೋಕೆ ಪಕ್ಕದ ಕೋಣೆಯವರನ್ನ ಕರೆದಿದ್ದು ಯಾರು?"

"ಅದು ಬೇರೆ ವಿಷಯ."

"ಕೋಣೇಲಿ ಒಲೆ ಎಲ್ಲಿದೆ?"

"ಅದನ್ನೂ ನೋಡ್ಕೋತೀನಿ."

ಅದನ್ನು ನೋಡಿಕೊಳ್ಳುವುದು ಅಷ್ಟು ಸುಲಭವಾಗಿರಲಿಲ್ಲ. ಕರೆಂಟಿನಲ್ಲಿ ಕಾಯುವ ಯಾವ ಪಾತ್ರೆಯನ್ನೂ ಹಾಸ್ಟೆಲಿಗೆ ತರುವಂತಿಲ್ಲ. ಬಾಗಿಲ ಬಳಿ ಝೌ ಚಿಕ್ಕಮ್ಮ ಕೂತಿರುತ್ತಾರೆ. ಹಾಸ್ಟೆಲಿನ ಬೀಗ, ದೀಪ, ಶಿಸ್ತು ಎಲ್ಲವೂ ಅವರ ಉಡಿಯಲ್ಲೇ. ಸಿಕ್ಕಿಬಿದ್ದರೆ ಪಾತ್ರೆ ಮಾತ್ರವಲ್ಲ, ಮಾನವೂ ಹೋಗುತ್ತದೆ. ಸಾವಿರ ಪದಗಳ ತಪ್ಪೊಪ್ಪಿಗೆ ಬರೆದು, ಮೈಕಿನ ಮುಂದೆ ನಿಂತು, ಎಲ್ಲರಿಗೂ ಓದಿ ಹೇಳಬೇಕು.

ಇದರ ಜೊತೆಗೆ ಕವಾಯತು ಬೇರೆ. ಹೊಸ ವಿದ್ಯಾರ್ಥಿಗಳಿಗೆ ಮೊದಲ ಎರಡು ವಾರ ಪಾಠವಿಲ್ಲ, ಪುಸ್ತಕವಿಲ್ಲ. ಬರೀ ಎಡ ಬಲ. ಅದನ್ನು ಕಲಿಸಲು ಬಂದ ಸೈನಿಕ ಫಾಂಗ್‌ಗೆ ಇಪ್ಪತ್ತು ವರ್ಷ. ಮೀಸೆ ಇನ್ನೂ ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. ಆದರೆ ಗಂಟಲು ಮಾತ್ರ ಅರವತ್ತರ ಸೇನಾಧಿಪತಿಯದು. ಬೆಳಗ್ಗೆ ಆರಕ್ಕೆ ಝೌ ಚಿಕ್ಕಮ್ಮನನ್ನು ಮುಂದಿಟ್ಟುಕೊಂಡು ಅವನು ಕೋಣೆ ಕೋಣೆಗೂ ಬರುತ್ತಿದ್ದ. ಪ್ರತಿಯೊಬ್ಬರ ರಜಾಯಿಯೂ ತೋಫು ತುಂಡಿನಂತೆ ಮಡಿಸಿರಬೇಕು. ಆರು ಮುಖ, ಎಂಟು ಮೂಲೆ, ಕತ್ತರಿಸಿದಂಥ ಅಂಚು.

ಸುಯುನಳ ಮಂಚದ ಮುಂದೆ ಅವನು ಮೊದಲ ದಿನವೇ ನಿಂತುಬಿಟ್ಟಿದ್ದ.

"ಇದೇನು?"

"ರಜಾಯಿ, ಸರ್."

"ಅದು ನನಗೂ ಕಾಣಿಸ್ತಿದೆ. ಯಾಕೆ ಉಸಿರಾಡ್ತಿದೆ?"

ನಿಜಕ್ಕೂ ಅದು ಉಸಿರಾಡುತ್ತಿತ್ತು. ಎಷ್ಟು ಗುದ್ದಿ ಮಡಿಸಿದರೂ ಒಳಗಿನ ಹತ್ತಿ ಮೆಲ್ಲಗೆ ಉಬ್ಬಿ, ಹಬೆಯಲ್ಲಿಟ್ಟ ಬನ್ನಿನಂತೆ ಗುಂಡಗಾಗಿಬಿಡುತ್ತಿತ್ತು. ವಾರವಿಡೀ ಇದೇ ಕಥೆ.

ಸೋಮವಾರ ಮಧ್ಯಾಹ್ನ, ಸುಯುನ್ ಫೋನಿನಲ್ಲಿ ತರಿಸಿದ್ದ ಪುಟ್ಟ ಪಾತ್ರೆ ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಅದನ್ನು ಎದೆಗವಚಿಕೊಂಡು ಒಳಗೆ ಬರುವಾಗ ಝೌ ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿದರು.

"ಏನಮ್ಮ ಅದು?"

"ಪುಸ್ತಕ, ಚಿಕ್ಕಮ್ಮ."

"ನೋಡಿ ಕಲೀರಿ," ಎಂದು ಅವರು ಅಲ್ಲಿದ್ದ ಉಳಿದ ಹುಡುಗಿಯರಿಗೆ ಹೇಳಿ, ಸುಯುನಳ ಕೈಗೆ ಒಂದು ಸೇಬು ಕೊಟ್ಟರು.

ಮಂಗಳವಾರ ಬೆಳಗ್ಗೆ ಆರಕ್ಕೆ ಐದು ನಿಮಿಷ ಇರುವಾಗ ಹೊರಗಿನ ಪಡಸಾಲೆಯಲ್ಲಿ ಸುದ್ದಿ ಓಡಿತು: ಇವತ್ತು ಕಪಾಟು ತೆಗೆದು ನೋಡುತ್ತಾರಂತೆ, ಮಂಚದ ಕೆಳಗೂ ಬಗ್ಗುತ್ತಾರಂತೆ. ಸುಯುನ್ ಪಾತ್ರೆಯ ಪೆಟ್ಟಿಗೆ ಹಿಡಿದು ಕೋಣೆಯೊಳಗೆ ಮೂರು ಸುತ್ತು ಹಾಕಿದಳು.

"ಕಿಟಕಿಯಿಂದ ಎಸಿ," ಎಂದಳು ಟೊಂಗ್‌ಯಾನ್.

"ಕೆಳಗೆ ಫಾಂಗ್ ನಿಂತಿದಾನೆ."

"ಇನ್ನೂ ಒಳ್ಳೇದಾಯ್ತು, ಎಸಿ."

ಅಷ್ಟರಲ್ಲಿ ಬೂಟಿನ ಸದ್ದು ಮೆಟ್ಟಿಲೇರಿತು. ಬೇರೆ ದಾರಿ ಕಾಣದೆ ಸುಯುನ್ ಪೆಟ್ಟಿಗೆಯನ್ನು ಮಂಚದ ಮೇಲಿಟ್ಟು, ರಜಾಯಿಯನ್ನು ಅದರ ಸುತ್ತ ಎಳೆದು ಬಿಗಿದು, ತುದಿಗಳನ್ನು ಅಡಿಗೆ ತುರುಕಿ ಕೆಳಗೆ ಹಾರಿದಳು. ಫಾಂಗ್ ಒಳಗೆ ಬಂದ. ಕಪಾಟು ನೋಡಿದ, ಮಂಚದ ಕೆಳಗೆ ಬಗ್ಗಿದ, ಆಮೇಲೆ ತಲೆ ಎತ್ತಿದ. ಅವನ ಬಾಯಿ ಅರ್ಧ ತೆರೆದುಕೊಂಡಿತು.

ಸೈನಿಕ ಶಾಲೆಯಲ್ಲೂ ಅವನು ಅಂಥ ರಜಾಯಿ ಕಂಡಿರಲಿಲ್ಲ. ಕಿಸೆಯಿಂದ ಅಳತೆಪಟ್ಟಿ ತೆಗೆದು ಮೂಲೆಗಿಟ್ಟು ನೋಡಿದ. ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ.

"ಯಾರು ಮಡಿಸಿದ್ದು?"

"ನಾನು, ಸರ್."

"ಉಸಿರಾಡ್ತಾ ಇಲ್ಲ."

"ಇಲ್ಲ ಸರ್. ನಿಲ್ಲಿಸಿದೀನಿ."

ಒಂಬತ್ತು ಗಂಟೆಯೊಳಗೆ ಕೋಣೆಯ ಬಾಗಿಲಿಗೆ ಶಿಸ್ತಿನ ಕೆಂಪು ಬಾವುಟ ಬಂತು. ಹತ್ತರೊಳಗೆ ಅಕ್ಕಪಕ್ಕದ ಕೋಣೆಯವರೆಲ್ಲ ದರ್ಶನಕ್ಕೆ ಬಂದರು. ಫೋಟೋ ಹಿಡಿದರು. ಗುಟ್ಟೇನು ಎಂದು ಕೇಳಿದರು. ಸುಯುನ್ ಮೊದಲು ನಾಚಿಕೊಂಡಳು, ಆಮೇಲೆ ಗಂಟಲು ಸರಿಮಾಡಿಕೊಂಡಳು, ಸಂಜೆಯ ಹೊತ್ತಿಗೆ ಉಪನ್ಯಾಸವನ್ನೇ ಶುರು ಮಾಡಿದಳು.

"ಕೈಯಲ್ಲಿ ಏನಿಲ್ಲ ಕಣ್ರೇ. ಮೊದ್ಲು ಮನಸ್ಸು ಚೌಕವಾಗಿರ್ಬೇಕು."

ಇಬ್ಬರು ಹುಡುಗಿಯರು ಅದನ್ನು ಬರೆದುಕೊಂಡರು. ಪಕ್ಕದಲ್ಲಿ ನಿಂತಿದ್ದ ಟೊಂಗ್‌ಯಾನ್ ನಗು ತಡೆಯಲಾರದೆ ಬಚ್ಚಲಿಗೆ ಓಡಿದಳು.

"ತಪಾಸಣೆ ಮುಗೀತಲ್ಲ, ಇನ್ನಾದ್ರೂ ಪಾತ್ರೆ ಹೊರಗೆ ತೆಗಿ," ಎಂದಳು ಅವಳು, ಎಲ್ಲರೂ ಹೋದ ಮೇಲೆ.

"ತೆಗೆದ್ರೆ ಮತ್ತೆ ಉಸಿರಾಡುತ್ತೆ."

"ಮತ್ತೆ ಹೊದ್ಕೊಳ್ಳೋಕೆ?"

"ನನಗೇನು ಚಳಿ ಇಲ್ಲ."

ಚಳಿ ಇತ್ತು. ಸೆಪ್ಟೆಂಬರ್ ಗಾಳಿ ಕಿಟಕಿಯ ಸಂದಿಯಿಂದ ಬರುತ್ತಿತ್ತು. ದೊಡ್ಡಕ್ಕ ಎರಡು ಅಂಗಿ, ಅದರ ಮೇಲೆ ಜಾಕೆಟ್ಟು, ಅದರ ಮೇಲೆ ಮಳೆಕೋಟು ಹಾಕಿಕೊಂಡು, ಮಂಚದ ಮುಕ್ಕಾಲು ಭಾಗವನ್ನು ತನ್ನ ಕಲಾಕೃತಿಗೆ ಬಿಟ್ಟುಕೊಟ್ಟು ಮುದುರಿ ಮಲಗಿದಳು. ಹೊರಳಿದಾಗಲೆಲ್ಲ ಮಳೆಕೋಟು ಬರಬರ ಸದ್ದು ಮಾಡಿ ನಾಲ್ವರನ್ನೂ ಎಬ್ಬಿಸುತ್ತಿತ್ತು. ಬುಧವಾರ ಮೂಗು ಕಟ್ಟಿತು. ಗುರುವಾರ ಅದೇ ಮೂಗು ಸೋರತೊಡಗಿತು. ಹೊಗಳಿಕೆಯ ಅಮಲಿನಲ್ಲಿ ಅವಳು ಶಾವಿಗೆಯನ್ನೇ ಮರೆತಿದ್ದಳೆಂದರೆ ಅದು ಸುಳ್ಳೇನಲ್ಲ.

ಗುರುವಾರ ಸಂಜೆ ಮೈದಾನದಲ್ಲಿ ಫಾಂಗ್ ಘೋಷಿಸಿದ: "ನಾಳೆ ಬೆಳಗ್ಗೆ ಮುನ್ನೂರು ಜನರ ಎದುರಿಗೆ ವೆಯ್ ಸುಯುನ್ ತಮ್ಮ ರಜಾಯಿ ಬಿಚ್ಚಿ ಮತ್ತೆ ಮಡಿಸಿ ತೋರಿಸ್ತಾರೆ. ಅದೇ ರಜಾಯಿ ಬರಬೇಕು."

ಮುನ್ನೂರು ಜನ ಚಪ್ಪಾಳೆ ತಟ್ಟಿದರು.

"ಹೊಟ್ಟೆನೋವು ಅಂತ ಮಲಗಿಬಿಡು," ಎಂದಳು ಟೊಂಗ್‌ಯಾನ್.

"ಬೇಡ. ಬೆಳಗ್ಗೆ ಬೇಗ ಎದ್ದು ಪಾತ್ರೆ ತೆಗೆದುಬಿಡ್ತೀನಿ. ಮಡಿಸೋಕೆ ಬರ್ಲಿಲ್ಲ ಅಂದ್ರೆ ಶೀತ, ಕೈ ನಡುಗ್ತು ಅಂತೀನಿ."

ಉಪಾಯ ಚೆನ್ನಾಗಿಯೇ ಇತ್ತು. ಆದರೆ ಶುಕ್ರವಾರ ಬೆಳಗ್ಗೆ ಅವಳು ಹಲ್ಲುಜ್ಜುತ್ತಾ ಕೋಣೆಗೆ ಬರುವಷ್ಟರಲ್ಲಿ ಮಂಚ ಖಾಲಿಯಾಗಿತ್ತು. ಓಡಿ ಮೆಟ್ಟಿಲಿಗೆ ಬಂದರೆ, ಝೌ ಚಿಕ್ಕಮ್ಮ ಹಾಸ್ಟೆಲಿನ ಹೆಮ್ಮೆಯನ್ನು ತಾವೇ ಎರಡೂ ಕೈಯಲ್ಲಿ ಹೊತ್ತು, ಮದುವೆಮನೆಗೆ ತಾಂಬೂಲದ ತಟ್ಟೆ ತೆಗೆದುಕೊಂಡು ಹೋಗುವವರ ಹಾಗೆ ಇಳಿಯುತ್ತಿದ್ದರು.

"ಚಿಕ್ಕಮ್ಮ, ಕೊಡಿ, ನಾನು ತರ್ತೀನಿ," ಎಂದಳು ಸುಯುನ್, ಬಾಯಿ ತುಂಬ ನೊರೆ.

"ನೀನು ಕೈ ದಣಿಸ್ಕೋಬೇಡ. ಸಾಕಷ್ಟು ತೂಕವಿದೆ ಕಣೇ."

"ಊರಿನ ಹತ್ತಿ, ಚಿಕ್ಕಮ್ಮ. ಗಟ್ಟಿ ಹತ್ತಿ."

ಮೈದಾನದ ನಡುವೆ ಮೇಜಿನ ಮೇಲೆ ರಜಾಯಿ ವಿರಾಜಮಾನವಾಗಿತ್ತು. ಸುತ್ತ ಮುನ್ನೂರು ಮಂದಿ, ಕಿರುಬೆರಳೂ ಅಲುಗಾಡದ ಸೆಟೆದ ನಿಲುವಿನಲ್ಲಿ.

"ಬಿಚ್ಚಿ," ಎಂದ ಫಾಂಗ್.

"ಸರ್, ಬಿಚ್ಚದೆ ಬಾಯಲ್ಲಿ ವಿವರಿಸಲಾ?"

"ಬಿಚ್ಚಿ."

"ಬಿಚ್ಚಿದ್ರೆ ಅದರ ರೂಪ ಹಾಳಾಗುತ್ತೆ ಸರ್."

"ಹಾಳಾಗಲಿ ಅಂತಲೇ ಬಿಚ್ಚೋದು."

ಸುಯುನ್ ಎರಡೇ ಬೆರಳಿನಲ್ಲಿ ಒಂದು ಮೂಲೆ ಎತ್ತಿದಳು. ಒಳಗೆ ಕೈ ತೂರಿಸಿ ಪೆಟ್ಟಿಗೆಯನ್ನು ರಜಾಯಿಯ ಮರೆಯಲ್ಲೇ ಮೇಜಿನಡಿಗೆ ಜಾರಿಸುವ ಆಸೆ ಅವಳಿಗಿತ್ತು. ಅದೇ ಗಳಿಗೆಗೆ ಸೀನು ಬಂತು. ಮೂರು ದಿನ ಕೂಡಿಟ್ಟ ಸೀನು. ರಜಾಯಿ ಒಂದು ಕಡೆ ಹಾರಿತು, ಪೆಟ್ಟಿಗೆ ನೆಲಕ್ಕೆ ಬಿದ್ದು ಬಾಯಿ ತೆರೆಯಿತು, ಪಾತ್ರೆ ಠಣ್ಣೆಂದು ಹೊರಗೆ ಉರುಳಿತು. ಮುಚ್ಚಳ ಮಾತ್ರ ಅಂಚಿನ ಮೇಲೆ ನಿಂತು ಓಟ ಕಿತ್ತಿತು. ಮೊದಲ ಸಾಲು ದಾಟಿತು, ಎರಡನೇ ಸಾಲು ದಾಟಿತು. ಯಾರೂ ಅಲುಗಾಡುವಂತಿಲ್ಲ. ಮುನ್ನೂರು ಜೋಡಿ ಕಣ್ಣುಗಳಷ್ಟೇ ಅದರ ಹಿಂದೆ ಹೋದವು. ಅದು ಮೈದಾನದ ಅಂಚಿನವರೆಗೂ ಹೋಗಿ, ಸುತ್ತು ಹಾಕಿ, ಝೌ ಚಿಕ್ಕಮ್ಮನ ಚಪ್ಪಲಿಯ ಮುಂದೆ ಸಾಷ್ಟಾಂಗ ಬಿತ್ತು.

ಚಿಕ್ಕಮ್ಮ ಬಗ್ಗಿ ಎತ್ತಿಕೊಂಡರು. ತಿರುಗಿಸಿ ನೋಡಿದರು.

"ಇದ್ಯಾವ ಪಾಠದ ಪುಸ್ತಕನಮ್ಮ?"

ಸೆಟೆದು ನಿಂತವರು ನಗಬಾರದು ಎಂಬುದು ನಿಯಮ. ಬಾಯಿ ಯಾರೂ ತೆರೆಯಲಿಲ್ಲ, ಆದರೆ ಆರುನೂರು ಭುಜಗಳು ಕುಣಿಯುತ್ತಿದ್ದವು. ಫಾಂಗ್ ಸಿಟ್ಟಿನಿಂದ ಎಲ್ಲರಿಗೂ ಬೆನ್ನು ಹಾಕಿ ನಿಂತ. ಅವನ ಭುಜಗಳೂ ಕುಣಿಯುತ್ತಿದ್ದುದನ್ನು ಸುಯುನ್ ಒಬ್ಬಳೇ ನೋಡಿದಳು.

ಶಿಕ್ಷೆ ಅಲ್ಲೇ ತೀರ್ಮಾನವಾಯಿತು. ಪಾತ್ರೆ ಜಪ್ತಿ. ಕೆಂಪು ಬಾವುಟ ವಾಪಸ್. ಸಂಜೆ ಐದಕ್ಕೆ ಸಾವಿರ ಪದಗಳ ತಪ್ಪೊಪ್ಪಿಗೆ, ಮೈಕಿನಲ್ಲಿ.

ಕೋಣೆಗೆ ಬಂದ ಸುಯುನ್ ಕುರ್ಚಿಯಲ್ಲಿ ಕುಸಿದಳು. ಮುನ್ನೂರು ಜನರೆದುರು ಹೋದ ಮಾನದ ಲೆಕ್ಕ ಹಾಗಿರಲಿ, ಸಂಜೆ ಪುಟ್ಟಿಯ ಮುಂದೆ ಖಾಲಿ ಬಟ್ಟಲು ಇಡಬೇಕಲ್ಲ ಎಂಬುದೇ ಅವಳನ್ನು ಹಿಂಡುತ್ತಿತ್ತು. ಮಂಗಳವಾರವೇ ಪಾತ್ರೆ ತೆಗೆದು ಕಪಾಟಿನ ಹಿಂದೆ ಇಟ್ಟಿದ್ದರೆ ಸಂಜೆಯ ಹೊತ್ತಿಗೆ ನೀರು ಕುದಿಯುತ್ತಿತ್ತು. ತನ್ನ ಜಂಬವೇ ಪುಟ್ಟಿಯ ಶಾವಿಗೆಯನ್ನು ತಿಂದುಹಾಕಿತ್ತು. ಅದನ್ನು ನೆನೆದು ಅವಳಿಗೆ ಅಳು ಬಂತು.

"ಪರವಾಗಿಲ್ಲ ದೊಡ್ಡಕ್ಕ," ಎಂದು ಪುಟ್ಟಿ ಬೆನ್ನು ಸವರಿದಳು.

"ಸುಮ್ನಿರೇ. ಇನ್ನೂ ಎಂಟುನೂರು ಪದ ಬರೀಬೇಕು."

ಇನ್ನೂರು ಪದಕ್ಕೇ ಪಶ್ಚಾತ್ತಾಪ ಖಾಲಿಯಾಗಿತ್ತು. ಉಳಿದ ಜಾಗಕ್ಕೆ ಏನು ತುಂಬುವುದೆಂದು ತೋಚದೆ ಅವಳು ನಡೆದದ್ದನ್ನೇ ಬರೆದಳು. ಸಂಜೆ ಮೈಕಿನ ಮುಂದೆ, ಸೋರುವ ಮೂಗಿನಲ್ಲಿ, ಅದನ್ನೇ ಓದಿದಳು. ತನಗೆ ನೀರು ಕಾಯಿಸಲೂ ಬರುವುದಿಲ್ಲವೆಂದು ಓದಿದಳು. ರಜಾಯಿ ಮಡಿಸಲು ಮೊದಲೇ ಬರುವುದಿಲ್ಲ, ಮನಸ್ಸು ಚೌಕವಾಗಿರಬೇಕು ಎಂದದ್ದು ಶುದ್ಧ ಬೊಗಳೆ ಎಂದು ಓದಿದಳು. ಕೋಣೆಯಲ್ಲೊಬ್ಬ ತಂಗಿ ಇದ್ದಾಳೆ, ಅವಳ ಅಮ್ಮ ಹಿಟ್ಟು ನಾದಿ, ಎಳೆದು, ಎಲ್ಲೂ ತುಂಡಾಗದ ಒಂದೇ ಎಳೆಯನ್ನು ಬಟ್ಟಲಿಗೆ ಇಳಿಸುತ್ತಾಳೆ, ಅದನ್ನು ಹಲ್ಲಿನಿಂದ ಕತ್ತರಿಸದೆ ಕೊನೆಯವರೆಗೂ ಹೀರಬೇಕು, ಇವತ್ತು ಅವಳಿಗೆ ಹದಿನೆಂಟು ಎಂದು ಓದಿದಳು. ಎದುರಿಗಿದ್ದವರು ಮನೆ ಬಿಟ್ಟು ಎರಡು ವಾರವೂ ಆಗಿರದ ಮುನ್ನೂರು ಮಕ್ಕಳು. ಹಿಂದಿನ ಸಾಲಿನಲ್ಲಿ ಯಾರೋ ಮೂಗೆಳೆದರು. ಫಾಂಗ್ ಟೋಪಿಯನ್ನು ಹುಬ್ಬಿನವರೆಗೆ ಜಗ್ಗಿಕೊಂಡ. ಅವನಿಗೂ ಇಪ್ಪತ್ತೇ ವರ್ಷ.

ಮೈಕಿನ ಸದ್ದು ಊಟದ ಮನೆಯವರೆಗೂ ಹೋಗಿತ್ತು. ಅಡುಗೆಯ ಕಾಂಗ್ ಮಾಮ ಸೌಟು ಹಿಡಿದೇ ಮೈದಾನದ ಅಂಚಿಗೆ ಬಂದುಬಿಟ್ಟ.

"ಯಾರಮ್ಮ ಆ ಹುಟ್ಟುಹಬ್ಬದ ಹುಡುಗಿ? ಮೂರನೇ ಕಿಟಕಿಗೆ ಬಂದು ಕಾರ್ಡು ತೋರಿಸೋದು ಬಿಟ್ಟು ಇದೇನು ಪುರಾಣ ಇದು?"

ಊಟದ ಮನೆಯ ಮೂರನೇ ಕಿಟಕಿಯ ಮೇಲೆ ಒಂದು ಫಲಕವಿತ್ತು. ಮೊಳದುದ್ದದ ಕೆಂಪು ಅಕ್ಷರ. ಹುಟ್ಟುಹಬ್ಬದ ದಿನ ವಿದ್ಯಾರ್ಥಿ ಕಾರ್ಡು ತೋರಿಸಿದವರಿಗೆ ಒಂದು ಬಟ್ಟಲು ಆಯುಷ್ಯದ ಶಾವಿಗೆ, ಒಂದು ಮೊಟ್ಟೆ, ಕೈಯಿಂದ ಎಳೆದದ್ದು, ಬಿಟ್ಟಿ. ಸುಯುನ್ ಹನ್ನೆರಡು ದಿನದಿಂದ ದಿನಕ್ಕೆ ಮೂರು ಸಲ ಅದರ ಕೆಳಗೇ ಸರತಿಯಲ್ಲಿ ನಿಂತಿದ್ದಳು. ಅವಳ ಕಣ್ಣು ಯಾವಾಗಲೂ ಕೆಳಗಿನ ಮಾಂಸದ ತಟ್ಟೆಯ ಮೇಲಿರುತ್ತಿತ್ತು.

ಊಟದ ಮನೆಯಲ್ಲಿ ಪುಟ್ಟಿಯ ಮುಂದೆ ಹಬೆಯಾಡುವ ಬಟ್ಟಲು ಬಂತು. ಅವಳು ಎಳೆಯ ತುದಿ ಹಿಡಿದು ಹೀರತೊಡಗಿದಳು. ಸುಯುನ್ ಫಲಕ ಓದಿದಳು, ಮತ್ತೆ ಓದಿದಳು, ಆಮೇಲೆ ನಿಧಾನವಾಗಿ ತಿರುಗಿದಳು.

"ಟೊಂಗ್‌ಯಾನ್, ಇದು ನಿನಗೆ ಗೊತ್ತಿತ್ತಾ?"

ಮೂರು ಕೋಣೆಗೆ ಕೇಳಿಸುವ ಗಂಟಲು ಇದ್ದಕ್ಕಿದ್ದಂತೆ ತಗ್ಗಿತು. "ಗೊತ್ತಿತ್ತು. ಬುಧವಾರ ನೋಡ್ದೆ."

"ಮೊದಲ ದಿನ," ಎಂದಳು ಮಿನ್‌ಚಿಯು. ಅವಳ ಆ ದಿನದ ಮಾತು ಅಲ್ಲಿಗೆ ಮುಗಿಯಿತು.

"ಪುಟ್ಟಿ, ನೀನು?"

ಪುಟ್ಟಿ ಬಾಯಿ ತುಂಬ ಶಾವಿಗೆ ಇಟ್ಟುಕೊಂಡು ತಲೆಯಾಡಿಸಿದಳು. ಎಳೆ ತುಂಡಾಗಬಾರದಲ್ಲ, ಕೊನೆಯ ಇಂಚು ಒಳಗೆ ಹೋಗುವವರೆಗೂ ದೊಡ್ಡಕ್ಕ ಉತ್ತರಕ್ಕೆ ಕಾಯಬೇಕಾಯಿತು.

"ಸೋಮವಾರವೇ ಓದಿದ್ದೆ ದೊಡ್ಡಕ್ಕ. ಹೇಳೋಣ ಅಂತ ಓಡಿ ಬಂದ್ರೆ, ನೀನು ಪೆಟ್ಟಿಗೆ ಅಪ್ಪಿಕೊಂಡು ಮೆಟ್ಟಿಲು ಹತ್ತಿ ಬರ್ತಿದ್ದೆ. ಮನೆ ಬಿಟ್ಟ ಮೇಲೆ ನನಗೋಸ್ಕರ ಇಷ್ಟು ಮನಸಿಟ್ಟು ತಪ್ಪು ಮಾಡ್ದೋಳು ನೀನೊಬ್ಳೇ. ನಿಲ್ಸೋಕೆ ಮನಸ್ಸು ಬರ್ಲಿಲ್ಲ."