ಜರಾ ನಿಂದರ್ರಿ

ಹೋದ ಮಂಗಳವಾರ ಬೆಳಿಗ್ಗೆ ಬಸವಕಲ್ಯಾಣ ಬಸ್ ನಿಲ್ದಾಣದಿಂದ ಹುಮನಾಬಾದಿಗೆ ಹೊರಡಬೇಕಿದ್ದ ಬಸ್ಸು ತಡವಾಗಿ ಹೊರಟಿತು. ಇದು ಸುದ್ದಿಯಲ್ಲ. ವೇಳೆಗೆ ಸರಿಯಾಗಿ ಹೊರಟಿದ್ದರೆ ಸುದ್ದಿ. ಆದರೆ ಅದನ್ನು ತಡ ಮಾಡಿದವರು ನಮ್ಮ ಮಾಮಾ! ನಮ್ಮ ಮನೆತನದ ಮಟ್ಟಿಗೆ ಇದು ವಿಶೇಷ ಪುರವಣಿ ತರಬೇಕಾದ ಸಂಗತಿ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಮೊದಲು ಬಸ್ ಕಂಡಕ್ಟರ್, ಆಮೇಲೆ ಇದೇ ನಿಲ್ದಾಣದಲ್ಲಿ ಕಂಟ್ರೋಲರ್, ಅಂದರೆ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಕೂಗಿ ಬಸ್ಸು ಬಿಡುವವರು. ಈಗ ನಿವೃತ್ತರು. ಈ ಕೊನೆಯ ಸಂಗತಿಯನ್ನು ಅವರಿಗೆ ಮನದಟ್ಟು ಮಾಡಿಕೊಡಲು ಇದುವರೆಗೆ ಯಾರಿಂದಲೂ ಆಗಿಲ್ಲ. ದಿನಾ ಬೆಳಿಗ್ಗೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹಾಜರಿ. ಹೊಸ ಕಂಟ್ರೋಲರು ಮೈಕು ಹಿಡಿಯುವ ಮೊದಲೇ ಇವರ ಗಂಟಲು ಹೊರಟಿರುತ್ತದೆ.

ಜಗತ್ತಿನಲ್ಲಿ ಮಾಮಾಗೆ ಶತ್ರು ಎಂದರೆ ಒಂದೇ ಒಂದು ಶಬ್ದ. ಎರಡಕ್ಷರದ್ದು: ಜರಾ.

ಬೀದರ್ ಸೀಮೆಯಲ್ಲಿ ಈ ಶಬ್ದವಿಲ್ಲದೆ ಬಾಯಿ ತೆರೆಯಲಾದೀತೇ? ಜರಾ ಸರೀರಿ, ಜರಾ ಚಾ ಕುಡೀರಿ, ಜರಾ ನಿಂದರ್ರಿ. ಉರ್ದುವಿನಿಂದ ಬಂದು ನಮ್ಮ ನಾಲಿಗೆಯ ಮೇಲೆ ಠಿಕಾಣಿ ಹೂಡಿದ ಇದರ ಅರ್ಥ ಇಷ್ಟೇ, ತುಸು. ಸಂಸ್ಕೃತದಲ್ಲಿ ಜರಾ ಎಂದರೆ ಮುಪ್ಪು. ಮಾಮಾ ಎರಡನ್ನೂ ಒಪ್ಪಿದವರಲ್ಲ. ಮೊದಲನೆಯದನ್ನು ಬೈಗುಳದಿಂದಲೂ ಎರಡನೆಯದನ್ನು ಕೂದಲಿಗೆ ಹಚ್ಚುವ ಕಪ್ಪು ಬಣ್ಣದಿಂದಲೂ ಎದುರಿಸುತ್ತ ಬಂದಿದ್ದಾರೆ.

“ಜರಾ ಅನ್ನೋದು ಸಣ್ಣ ಮಾತಲ್ಲೋ,” ಎಂದು ಒಮ್ಮೆ ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದರು. “ಮುಡಬಿಯಾಗ ಒಬ್ಬಾಕಿ ‘ಜರಾ ನಿಂದರ್ರಿ, ಬುತ್ತಿಗಂಟು ಮರ್ತು ಬಂದೀನಿ’ ಅಂತಾಳ. ಡ್ರೈವರ್ ನಿಂದರ್ತಾನ. ಅಷ್ಟರಾಗ ತೊಗರಿ ಲಾರಿ ಮುಂದ ಹೋಗಿ ಹೈವೇ ಕ್ರಾಸಿನಾಗ ಕೆಟ್ಟು ಅಡ್ಡ ನಿಂತಿರ್ತದ. ಬಸ್ ಅದರ ಹಿಂದ. ಹುಮನಾಬಾದ್ ಮುಟ್ಟೋದ್ರಾಗ ಹೈದರಾಬಾದ್ ಗಾಡಿ ಹೋಗಿರ್ತದ. ಅದರಾಗ ಹೋಗಬೇಕಾಗಿದ್ದ ಹುಡುಗ ಇಂಟರ್‌ವ್ಯೂಕ್ಕ ಮುಟ್ಟಂಗಿಲ್ಲ. ನೌಕರಿ ಇಲ್ಲ, ಲಗ್ನ ಇಲ್ಲ. ಒಂದು ವಂಶನೇ ನಿಂತ್ಹೋತು! ಯಾರಿಂದ? ಬುತ್ತಿಗಂಟಿನಿಂದ!”

“ಬುತ್ತಿಯೊಳಗ ಏನಿತ್ತು, ಮಾಮಾ?”

“ನಿನ್ನ ತಲಿ! ಇಂಥವೇ ಕೇಳ್ತೀರಿ ನೀವು ಪೇಪರಿನವ್ರು.”

ಯಾವ ದೊಡ್ಡ ಪರಿಣಾಮಕ್ಕೂ ಮಾಮಾ ದೊಡ್ಡ ಕಾರಣ ಒಪ್ಪಿದ ದಾಖಲೆ ಇಲ್ಲ. ಮೇಲಧಿಕಾರಿಗೆ ಎದುರುತ್ತರ ಕೊಟ್ಟು ಅವರು ಬಡ್ತಿ ಕಳೆದುಕೊಂಡದ್ದು ಊರಿಗೆಲ್ಲ ಗೊತ್ತು. ಮಾಮಾ ಪ್ರಕಾರ ಆ ದಿನ ಸಾಹೇಬರ ಚಹಾಕ್ಕೆ ಶುಂಠಿ ಬಿದ್ದಿರಲಿಲ್ಲ. ತಪ್ಪು ಶುಂಠಿಯದು!

ಎರಡೂ ಕಡೆಯ ಮಾತು ಕೇಳುವುದು ನನ್ನ ಕಸುಬು. ಹಾಗಾಗಿ ಕೇಳಿದೆ: “ಮಾಮಾ, ಕೆರಿಯಾಗ ದಿನಾ ಹುಡುಗರು ಕಲ್ಲು ಒಗೀತಾರ. ನೀರು ಜರಾ ಅಲುಗಿ ಸುಮ್ಮನಾಗ್ತದ. ನಿಮ್ಮ ಸರ್ವಿಸಿನಾಗ ಎಷ್ಟು ಮಂದಿ ‘ಜರಾ’ ಅಂದಿರಬೇಕು. ಹೈದರಾಬಾದ್ ಇನ್ನೂ ಮುಳುಗಿಲ್ಲಲ್ಲ?”

“ಅದಕ್ಕ ನಾ ಇದ್ದೆನಲ್ಲ ಇಲ್ಲಿ!” ಎಂದು ಎದೆ ಮುಟ್ಟಿಕೊಂಡರು. ಆಮೇಲೆ ದನಿ ತಗ್ಗಿಸಿ, “ಖರೇ ಹೇಳ್ತೀನಿ ಕೇಳು. ಎಲ್ಲಾ ಜರಾ ಬೆಳ್ಯಾಂಗಿಲ್ಲ. ಭಾಳಷ್ಟು ಅಲ್ಲೇ ಸಾಯ್ತಾವ. ಆದ್ರ ಯಾವುದು ಸಾಯ್ತದ, ಯಾವುದು ಬೆಳೀತದ ಅಂತ ಮೊದಲ ತಿಳ್ಯಾಂಗಿಲ್ಲ. ಅದಕ್ಕ ಎಲ್ಲಾನೂ ಹೊಡೀಬೇಕು,” ಎಂದರು.

ಮಾತಿನಲ್ಲಿ ಹುರುಳಿತ್ತು. ಆದರೆ ಹುರುಳನ್ನು ಮಾಮಾ ಮನೆಗೆ ತಂದರೆ ಏನಾಗುತ್ತದೆ? ನನ್ನ ತಂಗಿಯ ಮದುವೆಯಲ್ಲಿ ಕಂಡೆವು. ಅಡುಗೆಯ ಮೇಲ್ವಿಚಾರಣೆ ತಮ್ಮದೇ ಎಂದು ಘೋಷಿಸಿ, ಒಲೆಯ ಮುಂದೆ ಕುರ್ಚಿ ಹಾಕಿಕೊಂಡು, “ಇಲ್ಲಿ ಯಾರೂ ಜರಾ ಅನ್ನಂಗಿಲ್ಲ” ಎಂದು ಕಟ್ಟಪ್ಪಣೆ ಮಾಡಿದರು. ಅಡುಗೆಯವ ಸಾರು ನಾಲಿಗೆಗೆ ಹಚ್ಚಿಕೊಂಡ, ಮಾಮಾನ ಮುಖ ನೋಡಿದ, ಸುಮ್ಮನಾದ. ಬಡಿಸುವವರೂ ಸುಮ್ಮನಾದರು. “ಜರಾ ಉಪ್ಪು ಹಾಕ್ರಿ” ಎನ್ನುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಬೀಗರು ಇಂದಿಗೂ ನಮ್ಮನ್ನು ಸಪ್ಪನ ಮಂದಿ ಎನ್ನುತ್ತಾರೆ.

ಇಷ್ಟಾದರೂ ಮಾಮಾಗೆ ಹೆದರದ ಜೀವ ಒಂದಿದೆ. ಮಾಮಿ. ಅವರ ಮದುವೆಯಾದ ಹೊಸದು. ಮಾಮಾ ಆಗ ಮುಡಬಿ ಬಸ್ಸಿನ ಕಂಡಕ್ಟರ್. ತವರಾದ ಮುಡಬಿಯಿಂದ ಗಂಡನ ಬಸ್ಸಿನಲ್ಲೇ ಗಂಡನ ಮನೆಗೆ ಹೊರಟ ಹೊಸ ಸೊಸೆ, ಮೆಟ್ಟಿಲ ಮೇಲೆ ಕಾಲಿಟ್ಟವಳು, “ಜರಾ ನಿಂದರ್ರಿ, ಕುಂಕುಮದ ಭರಣಿ ಮರ್ತೀನಿ” ಎಂದು ಮನೆ ಕಡೆ ಓಡಿದಳು. ಓಡಿ ಬರುವಷ್ಟರಲ್ಲಿ ಮಾಮಾ ಸೀಟಿ ಊದಿ, “ರೈಟ್!” ಎಂದಿದ್ದರು. ಬಸ್ಸು ವೇಳೆಗೆ ಸರಿಯಾಗಿ ಬಸವಕಲ್ಯಾಣ ಮುಟ್ಟಿತು. ಹೆಂಡತಿ ಸಂಜೆ ಮುಟ್ಟಿದಳು, ಟೆಂಪೋದಲ್ಲಿ, ತೊಗರಿ ಚೀಲದ ಮೇಲೆ ಕೂತು, ಕೈಯಲ್ಲಿ ಭರಣಿ ಹಿಡಿದು.

ಅಂದಿನಿಂದ ಮಾಮಿ ಆ ಮನುಷ್ಯನ ಜೊತೆ ಒಂದೇ ಗಾಡಿ ಹತ್ತಿಲ್ಲ. ಎಲ್ಲ ಮದುವೆಗೂ ಇಬ್ಬರೂ ಬರುತ್ತಾರೆ, ಎರಡು ಗಾಡಿಯಲ್ಲಿ. ಮಾಮಾ ಬಂದಾಗ ಪೆಂಡಾಲು ಕಟ್ಟುವವರು ಇರುತ್ತಾರೆ. ಮಾಮಿ ಬಂದಾಗ ಊಟದ ಪಂಕ್ತಿ ಏಳುತ್ತಿರುತ್ತದೆ.

“ನಿಮ್ಮ ಬಸ್ ಎಲ್ಲಾ ಟೈಮಿಗೆ ಬಿಟ್ಟೀರಿ,” ಎಂದು ಮಾಮಿ ನನ್ನೆದುರೇ ಹೇಳಿದ್ದುಂಟು. “ನಾ ಮಾತ್ರ ಇನ್ನೂ ಮುಡಬಿ ಸ್ಟಾಂಡಿನಾಗೇ ನಿಂತೀನಿ ನೋಡ್ರಿ.”

ಈ ಆರೋಪದ ಬಗ್ಗೆ ಮಾಮಾ ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ. ಕೇಳದವರಂತೆ ಚಪ್ಪಲಿ ಹುಡುಕುತ್ತಿದ್ದರು.

ಈಗ ಮಾಮಿಗೆ ಮೊಣಕಾಲು ಬಾವು. ಷೇರ್ ಆಟೋದ ಇಕ್ಕಟ್ಟಿನಲ್ಲಿ ಹುಮನಾಬಾದಿನ ತನಕ ಕೂರಲಾಗದು. ಬಸ್ಸಿನ ಮೆಟ್ಟಿಲಿಗೆ ಒಂದು ಕೈ ಬೇಕು. ಅಲ್ಲಿ ಮಾಮಿಯ ಅಕ್ಕನ ಮೊಮ್ಮಗಳಿಗೆ ತೊಟ್ಟಿಲ ಕಾರ್ಯ. ಹೋಗದೆ ಇರುವಂತಿಲ್ಲ. ಸೋಮವಾರ ಸಂಜೆ ಮಾಮಿ ಷರತ್ತು ಹಾಕಿದರು.

“ನಿಮ್ಮ ಸಂಗಾಟ ಬರ್ತೀನಿ. ಆದ್ರ ನಾ ಜರಾ ಅಂದ್ರ ನಿಂದರಬೇಕು. ಈ ಸಲಾನೂ ಬಿಟ್ಟು ಹೋದ್ರಿ ಅಂದ್ರ ಇನ್ನ ಮುಂದ ಕೇಳಬ್ಯಾಡ್ರಿ.”

ಮಾಮಾ ಎದ್ದರು. ಗಡಿಯಾರಕ್ಕೆ ಕೀಲಿ ಕೊಟ್ಟರು.

ಮಂಗಳವಾರ ಅವರನ್ನು ಹತ್ತಿಸಲು ನಾನೂ ಹೋಗಿದ್ದೆ. ಬಸ್ಸು ಸಿದ್ಧವಿತ್ತು. ಮಾಮಾ ಮೊದಲೇ ಒಳಗೆ ಸೀಟು ಹಿಡಿದು, ಬಾಗಿಲಲ್ಲಿ ಬಂದು ನಿಂತಿದ್ದರು. ಮಾಮಿ ಆಟೋ ಇಳಿದು, ಕುಂಟುತ್ತ, ಅರ್ಧ ದಾರಿ ಬಂದವರು ಗಕ್ಕನೆ ನಿಂತರು. ಚೀಲ ತಡವಿದರು. ಕೂಸಿಗೆಂದು ತಾವೇ ಹೊಲಿದ ಕುಂಚಿಗೆ, ಬೆನ್ನು ಮುಚ್ಚುವ ಆ ಟೊಪ್ಪಿಗೆ, ಆಟೋದಲ್ಲೇ ಉಳಿದಿತ್ತು!

“ಜರಾ...” ಎಂದರು. ಮಾಮಾನ ಕಡೆ ನೋಡಿದರು. ಮಾತು ಮುಗಿಸದೆ ತಿರುಗಿ ಆಟೋದ ಕಡೆ ನಡೆದರು. ಆ ಕಾಲಿನಲ್ಲಿ ಓಡುವುದೆಲ್ಲಿ ಬಂತು?

ಡ್ರೈವರ್ ಎಂಜಿನ್ ಚಾಲೂ ಮಾಡಿದ. ಮೈಕಿನಲ್ಲಿ ಹೊಸ ಕಂಟ್ರೋಲರು ಹುಮನಾಬಾದ್, ಹುಮನಾಬಾದ್ ಎಂದು ಕೂಗಿದರು. ಕಂಡಕ್ಟರ್ ಸೀಟಿ ಬಾಯಿಗಿಟ್ಟುಕೊಂಡು, ಹಳೆಯ ಗುರುಗಳ ಅಪ್ಪಣೆಗಾಗಿ, “ಬಿಡ್ಲೇನ್ರಿ, ಸರ?” ಎಂದ.

ಮಾಮಾ ಬಸ್ಸಿನಿಂದ ಇಳಿದರು. ಬಸ್ಸಿನ ಮುಂದೆ ಹೋಗಿ ನಿಂತರು. ಅದರ ಮೂತಿಯ ಮೇಲೆ, ಎತ್ತನ್ನು ತಡೆಯುವವರಂತೆ ಅಂಗೈ ಇಟ್ಟರು.

“ಜರಾ ನಿಂದರಪಾ,” ಎಂದರು.

ಕಂಡಕ್ಟರನ ಬಾಯಿಂದ ಸೀಟಿ ಬಿತ್ತು. ಹಿಂದಿನ ಸೀಟಿನಿಂದ ಯಾರೋ ಕೂಗಿದರು: “ಏ ಯಜಮಾನ್ರ, ಹುಮನಾಬಾದಿನಾಗ ನಮ್ಮ ಹೈದರಾಬಾದ್ ಗಾಡಿ ತಪ್ತದರಿ!”

“ತಪ್ಪಲಿ. ಹೈದರಾಬಾದ್ ಏನ್ ಓಡಿ ಹೋಗ್ತದೇನು?”

ಮಾಮಿ ಕುಂಚಿಗೆ ಹಿಡಿದುಕೊಂಡು, ಸಾವಕಾಶ ನಡೆದು ಬಂದರು. ಸಾವಕಾಶ ಎಂದರೆ, ಕಾಲಿಗೆ ಬೇಕಾದ್ದಕ್ಕಿಂತಲೂ ಸಾವಕಾಶ ಎಂದು ನನ್ನ ಅನುಮಾನ. ಮಾಮಾ ಬಸ್ಸಿನ ಮೂತಿಯಿಂದ ಕೈ ತೆಗೆದು ಅವರಿಗೆ ಕೊಟ್ಟರು. ಮಾಮಿ ಹತ್ತಿದರು. ಕಿಟಕಿಯ ಸೀಟು ಅವರಿಗಾಗಿ ಹಿಡಿದದ್ದಾಗಿತ್ತು.

ಬಸ್ಸು ಹುಮನಾಬಾದನ್ನು ತಡವಾಗಿ ತಲುಪಿತು. ಹೈದರಾಬಾದ್ ಗಾಡಿ ಇನ್ನೂ ಬಂದಿರಲಿಲ್ಲ. ತೊಟ್ಟಿಲ ಕಾರ್ಯ ಮುಗಿದಿದೆ. ಕೂಸಿಗೆ ಕುಂಚಿಗೆ ಜರಾ ದೊಡ್ಡದಾಗಿದೆ.