ಅಜ್ಜಿ ಕೂತರೆ ಕಿರುಚುವ ಕಾರು

ದೆವ್ವದ ಕಥೆಗೆ ಯಾವ ಕಾರು ಒಳ್ಳೆಯದು ಎಂಬ ವಿಷಯದಲ್ಲಿ ಇಡೀ ನಂಜನಗೂಡು ತಾಲ್ಲೂಕಿಗೆ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಇದು ಜಂಬದ ಮಾತಲ್ಲ. ಈ ವಿಷಯ ಬೇರೆ ಯಾರಿಗೂ ಬೇಕಾಗಿಲ್ಲ, ಅಷ್ಟೆ. ತಾಲ್ಲೂಕು ಕಚೇರಿಯ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಪಹಣಿ ಪ್ರತಿಗಳ ನಡುವೆ ಬಿಡುವಾದಾಗ ದೆವ್ವದ ಕಥೆ ಬರೆಯುವವನು ನಾನು. ನಲವತ್ತಕ್ಕೂ ಹೆಚ್ಚು ಕಥೆಗಳು ವಾರಪತ್ರಿಕೆಗಳಲ್ಲಿ ಅಚ್ಚಾಗಿವೆ. ನನ್ನ ಹೆಂಡತಿ ಸುನಂದ ಅವುಗಳಲ್ಲಿ ಒಂದನ್ನು ಓದಿ ಬಹಳ ಹೆದರಿದ್ದಳು, ಕಟ್ಟಿಕೊಂಡ ಗಂಡನ ಬಗ್ಗೆ.

ನನ್ನ ಸಂಶೋಧನೆಯ ಸಾರ ಇಷ್ಟು. ಹೊಸ ಕಾರು ದೆವ್ವಕ್ಕೆ ಲಾಯಕ್ಕಿಲ್ಲ. ಬೆಲ್ಟ್ ಹಾಕಿಕೋ ಎಂದು ಅದೇ ಕೂಗುತ್ತದೆ, ಬಾಗಿಲಿಗೆ ಅದೇ ಬೀಗ ಹಾಕಿಕೊಳ್ಳುತ್ತದೆ, ದೆವ್ವಕ್ಕೆ ಮಾಡಲು ಇನ್ನೇನು ಉಳಿಯಿತು? ಜೀಪಿಗೆ ಬಾಗಿಲೇ ಇರುವುದಿಲ್ಲ. ಒಳಗಿದ್ದವನು ಆಚೆಗೆ ಹಾರಿಬಿಟ್ಟರೆ ಕಥೆ ಎರಡನೇ ಪುಟಕ್ಕೆ ಮುಗಿಯುತ್ತದೆ. ಉದ್ದ ಮೂತಿಯ ವಿದೇಶಿ ಕಾರು ನೋಡಲು ಭಯಂಕರ, ಆದರೆ ನಮ್ಮೂರಿನ ಹಂಪುಗಳನ್ನು ದಾಟುವ ಶಕ್ತಿ ಯಾವ ಆತ್ಮಕ್ಕೂ ಇಲ್ಲ. ಕೊನೆಗೆ ಉಳಿಯುವುದು ಕಪ್ಪು ಅಂಬಾಸಿಡರ್. ಗುಂಡು ಕಣ್ಣು, ಉಬ್ಬಿದ ಕೆನ್ನೆ, ಒಂದು ಸಂಸಾರವೇ ಕಾಣೆಯಾಗುವಷ್ಟು ಜಾಗ!

ನನ್ನ ಕಥೆಗಳಲ್ಲಿ ಅದು ಡ್ರೈವರ್ ಇಲ್ಲದೆಯೇ ಓಡುತ್ತದೆ. ನನ್ನ ಮನೆಯ ಮುಂದೆಯೂ ಅಂಥದ್ದೊಂದು ನಿಂತಿದೆ. ಅದು ಓಡಬೇಕಾದರೆ ಡ್ರೈವರ್ ಒಬ್ಬನಿದ್ದರೆ ಸಾಲದು, ತಳ್ಳಲು ಇನ್ನಿಬ್ಬರು ಬೇಕು. ಕಥೆಗೂ ನಿಜಕ್ಕೂ ನಡುವಿನ ಈ ಅಂತರವನ್ನು ಕಡಿಮೆ ಮಾಡಲು ನಾನೊಂದು ಉಪಾಯ ಹೂಡಿದೆ. ಎಲೆಕ್ಟ್ರಿಷಿಯನ್ ಸಲೀಮನನ್ನು ಹಿಡಿದು, ಮುಂದಿನ ಸೀಟಿನ ಕವರ್ ಕೆಳಗೆ, ಎಡಗೈಗೆ ಸಿಗುವ ಹಾಗೆ, ಮನೆಬಾಗಿಲ ಬೆಲ್ಲಿನ ಸ್ವಿಚ್ಚೊಂದನ್ನು ಕೂರಿಸಿದೆ. ಒತ್ತಿದರೆ ಹಾರನ್ನು, ಹೆಡ್‌ಲೈಟು, ವೈಪರು ಮೂರೂ ಒಟ್ಟಿಗೆ ಶುರು. ನೆಂಟರನ್ನು ಕೂರಿಸಿಕೊಂಡು, ಗಂಭೀರವಾಗಿ ಒಂದು ಕಥೆ ಹೇಳಿ, ಯಾರಿಗೂ ಕಾಣದಂತೆ ಒತ್ತುವುದು. ಅವರು ಕಿರುಚುವುದು. ಸಾಹಿತ್ಯದಿಂದ ನನಗೆ ಸಿಕ್ಕ ಸಂತೋಷ ಅದೊಂದೇ.

ಹೀಗಿರುವಾಗ ತಿ. ನರಸೀಪುರದಲ್ಲಿ ಸುನಂದಳ ಅಣ್ಣ ಶಿವಲಿಂಗಣ್ಣನ ಮಗಳ ಮದುವೆ ಬಂತು. ಹುಡುಗ ಕಿರಣ, ಹೆಡತಲೆ ಎಂಬ ಊರಿನವನು. ಗಂಡನ್ನು ಛತ್ರಕ್ಕೆ ಕರೆತರುವುದು ಹೆಣ್ಣಿನ ಕಡೆಯವರ ಜವಾಬ್ದಾರಿ ಎಂದು ಮಾತಾಗಿತ್ತು. ಶಿವಲಿಂಗಣ್ಣ ಬಾಡಿಗೆಗೆ ಹೊಸ ಕಾರು ಗೊತ್ತುಮಾಡಲು ಹೊರಟಿದ್ದ. ನಾನು ಬಿಡಲಿಲ್ಲ. ಮದುವೆಗೆ ಗಾಂಭೀರ್ಯ ಬರುವುದು ಅಂಬಾಸಿಡರಿನಿಂದ ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವನು ಒಪ್ಪಿದ, ಬಹುಶಃ ಉಪನ್ಯಾಸ ನಿಲ್ಲಲಿ ಎಂದು. ಸುನಂದ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದಳು.

"ರೀ, ತವರುಮನೆಯವ್ರ ಮುಂದೆ ನಾನು ತಲೆ ಎತ್ಕೊಂಡು ಓಡಾಡ್ಬೇಕು. ಆ ಸ್ವಿಚ್ಚು ಕಿತ್ತಾಕ್ಬಿಡಿ."

ಕಿತ್ತುಹಾಕಿದೆ ಎಂದು ಮಾರನೆಯ ದಿನ ಹೇಳಿದೆ. ಕಿತ್ತುಹಾಕಿರಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಲ್ಲೇ ನಾನು ಅನುಮಾನಪಡಬೇಕಿತ್ತು. ಗಂಡನ್ನು ಕರೆಯಲು ಸುನಂದಳೂ ಜೊತೆಗೆ ಬಂದಳು. ಹೆಡತಲೆಯಲ್ಲಿ ಹುಡುಗನ ಮನೆಯವರು ಕಾರಿಗೆ ಆರತಿ ಎತ್ತಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಆರತಿ ಮುಗಿಸಿ ಉಳಿದವರೆಲ್ಲ ಬಸ್ಸಿನಲ್ಲಿ ಮುಂದೆ ಹೊರಟರು. ಕಾಫಿ ಕುಡಿಯುತ್ತ ನಾನು ಕಿರಣನಿಗೂ ಅವನ ಸೋದರಮಾವ ನಾಗರಾಜಪ್ಪನಿಗೂ ಕಾರಿನ ಇತಿಹಾಸ ಹೇಳತೊಡಗಿದೆ. ಮದುವೆಯ ಹಿಂದಿನ ದಿನ ಸತ್ತ ಒಬ್ಬ ವರನ ಆತ್ಮ ಇದರೊಳಗಿದೆ ಎಂದೆ. ಬೇರೆ ಮದುಮಗ ಹತ್ತಿದರೆ ಅದಕ್ಕೆ ತಡೆಯಲಾಗುವುದಿಲ್ಲ ಎಂದೆ. ನಾಗರಾಜಪ್ಪ ಲೋಟ ಕೆಳಗಿಟ್ಟರು. ನನ್ನ ನಲವತ್ತು ಕಥೆಗಳಿಗೂ ಅಂಥ ಕೇಳುಗ ಸಿಕ್ಕಿರಲಿಲ್ಲ. ಊರು ದಾಟಿದ ಮೇಲೆ ಒಮ್ಮೆ ಸ್ವಿಚ್ ಒತ್ತಿ, ಎಲ್ಲರನ್ನೂ ನಗಿಸಿ, ವಿಷಯ ಹೇಳಿಬಿಡುವುದು ನನ್ನ ಯೋಜನೆಯಾಗಿತ್ತು.

ಯೋಜನೆಯಲ್ಲಿ ದೇವೀರಮ್ಮಜ್ಜಿ ಇರಲಿಲ್ಲ. ಅಜ್ಜಿ ಎಂದರೆ ನಾಗರಾಜಪ್ಪನವರ ತಾಯಿ. ಹಿಂದೆ ಕೂತರೆ ವಾಂತಿಯಾಗುತ್ತದೆ ಎಂದು, ತೆಂಗಿನಕಾಯಿ ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮುಂದಿನ ಸೀಟಿನಲ್ಲಿ ಸರಿಯಾಗಿ ಸ್ವಿಚ್ಚಿನ ಮೇಲೆಯೇ ವಿರಾಜಮಾನರಾದರು. ಮೆತ್ತನೆಯ ಸೀಟು ನಿಧಾನಕ್ಕೆ ಕುಗ್ಗುತ್ತಿತ್ತು. ಊರಾಚೆ ಮೊದಲ ಹಂಪು ಸಿಕ್ಕಿತು.

ಕಾರು ಕಿರುಚಿತು. ಬಿಸಿಲಿನಲ್ಲಿ ವೈಪರ್ ಆಡತೊಡಗಿತು. ಗದ್ದೆಯ ಬದುವಿನಲ್ಲಿ ಮೇಯುತ್ತಿದ್ದ ಹಸುಗಳು ಹಗ್ಗ ಕಿತ್ತುಕೊಂಡು ಓಡಿದವು. ಕನ್ನಡಿಯಲ್ಲಿ ಮೊದಲು ಕಂಡದ್ದು ಸುನಂದಳ ಕಣ್ಣು. ಅವಳಿಗೆ ಎಲ್ಲ ಅರ್ಥವಾಗಿತ್ತು. ಅದರ ಮುಂದೆ ಯಾವ ದೆವ್ವವೂ ಲೆಕ್ಕಕ್ಕಿಲ್ಲ.

ಅಜ್ಜಿಗೆ ಸ್ವಲ್ಪ ಈಚೆ ಸರಿಯಿರಿ ಎಂದೆ. ಕಿವಿ ಮುಚ್ಚಿಕೊಂಡಿದ್ದ ಅವರಿಗೆ ಕೇಳಿಸಲಿಲ್ಲ. ಕಾರು ನಿಲ್ಲಿಸಿದೆ. ಅಜ್ಜಿ ಇಳಿದರು. ಮೌನ. ಅಜ್ಜಿ ಹತ್ತಿದರು. ಕಿರುಚಾಟ. ಇಳಿದರು. ಮೌನ. ಇದು ಮೂರು ಸಲ ನಡೆಯಿತು. ಮೂರನೆಯ ಸಲ ಅಜ್ಜಿ ಕಾರಿನ ಮೇಲೆ ಹಟ ಸಾಧಿಸುವವರಂತೆ ಬಹಳ ಹೊತ್ತು ಕೂತೇ ಇದ್ದು, ಆಮೇಲೆ ಇಳಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತರು.

ನಾಗರಾಜಪ್ಪ ಕಿರಣನ ಕೈ ಹಿಡಿದು ಹೊಂಗೆ ಮರದ ಕೆಳಗೆ ನಿಲ್ಲಿಸಿ, ಜೇಬಿನಿಂದ ಫೋನ್ ತೆಗೆದು ನನ್ನ ಕಡೆ ತಿರುಗಿದರು.

"ಎಣ್ಣಿನ ಕಡೆಯವ್ರು ದೆವ್ವದ ಗಾಡಿ ಕಳ್ಸವ್ರೆ. ಈ ಮೂರ್ತದಲ್ಲಿ ಮದ್ವೆ ಬ್ಯಾಡ. ನಿಮ್ ಭಾವಂಗೆ ಏಳ್ಬುಡ್ತೀನಿ ಸಾ."

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಛತ್ರದಲ್ಲಿ ಮದುಮಗಳು ಸಿದ್ಧವಾಗಿ ಕೂತಿರುತ್ತಾಳೆ. ಶಿವಲಿಂಗಣ್ಣ ಬಾಗಿಲಲ್ಲಿ ದಾರಿ ಕಾಯುತ್ತಿರುತ್ತಾನೆ. ಸುನಂದ ಸೆರಗಿನ ತುದಿ ಸುತ್ತುತ್ತಿದ್ದಳು. ಇನ್ನು ಮಾನ ನೋಡುವ ಕಾಲವಲ್ಲವೆಂದು ಎಲ್ಲವನ್ನೂ ಒಪ್ಪಿಕೊಂಡೆ. ಆತ್ಮ ಸುಳ್ಳು, ಸತ್ತ ವರ ಸುಳ್ಳು, ಇರುವುದು ಒಂದು ಬೆಲ್ಲಿನ ಸ್ವಿಚ್ಚು, ನೋಡಿ ಎಂದು ಸೀಟಿನ ಕವರ್ ಎತ್ತಿ ಒತ್ತಿದೆ.

ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಮುಷ್ಟಿಯಲ್ಲಿ ಗುದ್ದಿದೆ. ಕಾರು ಪರಮ ಸಾಧುವಿನಂತೆ ನಿಂತಿತ್ತು. ಫ್ಯೂಸ್ ಸುಟ್ಟಿತ್ತು ಎಂದು ಸಲೀಮ ಹೇಳಿದ್ದು ಮರುದಿನ.

ನಾಗರಾಜಪ್ಪ ನನ್ನನ್ನು ಕರುಣೆಯಿಂದ ನೋಡಿದರು. "ಮನೆ ಬಾಗ್ಲ ಬೆಲ್ಲು ತಂದು ಕಾರ್ನಲ್ಲಿ ಯಾರ್ ಸಾ ಇಡ್ತಾರೆ? ಮಾನ ಉಳ್ಸ್ಕಳಕ್ಕೆ ಇಂಗೆಲ್ಲ ಸುಳ್ ಏಳ್ಬ್ಯಾಡಿ."

ಬುದ್ಧಿ ಇರುವ ಯಾರೂ ಇಡುವುದಿಲ್ಲ ಎಂಬುದು ಸತ್ಯವೇ ಆಗಿತ್ತು. ಅವರು ಫೋನಿನಲ್ಲಿ ಶಿವಲಿಂಗಣ್ಣನ ನಂಬರ್ ಹುಡುಕತೊಡಗಿದರು.

ಆಗ ಅಜ್ಜಿ ಎದ್ದರು. ಎಡಗಾಲಿನ ಚಪ್ಪಲಿ ಕಳಚಿ, ಬಾನೆಟ್ಟಿಗೆ ಮೂರು ಸಲ ಬಾರಿಸಿದರು. ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ರಸ್ತೆಗೆ ಒಡೆದರು. ತಮ್ಮ ಜಾಗದಲ್ಲಿ ಹೋಗಿ ಧಪ್ಪೆಂದು ಕೂತರು. ಕಾರು ತುಟಿ ಬಿಚ್ಚಲಿಲ್ಲ.

"ಒಂಟೋಯ್ತು ಕಲಾ ನಾಗರಾಜ. ಫೋನ್ ಮಡುಗ್ಬುಟ್ಟು ಅತ್ಕೊ. ಮೂರ್ತ ಮೀರ್ತದೆ."

ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಮುಂಚೆಯೇ ಛತ್ರ ಸೇರಿದೆವು. ಧಾರೆ ಸಾಂಗವಾಗಿ ನಡೆಯಿತು. ಅಷ್ಟರಲ್ಲಿ ಸುದ್ದಿ ಊಟದ ಹಾಲ್ ತಲುಪಿ, ನೆಂಟರೆಲ್ಲ ಅಜ್ಜಿಯ ಕಾಲಿಗೆ ಬೀಳತೊಡಗಿದ್ದರು. ನನ್ನ ಎಲೆಗೆ ಬಡಿಸುವವರು ಮಾತ್ರ ಒಂದು ಅಡಿ ದೂರದಿಂದ ಬಡಿಸಿದರು. ಸುನಂದ ನನ್ನ ಪಕ್ಕದ ಎಲೆ ಬಿಟ್ಟು ಎದುರು ಸಾಲಿನಲ್ಲಿ ಕೂತಿದ್ದಳು. ತಲೆಯೇನೋ ಎತ್ತಿಕೊಂಡೇ ಇದ್ದಳು, ನನ್ನ ಕಡೆಗೆ ಮಾತ್ರ ತಿರುಗಿಸಲಿಲ್ಲ.

ಊಟವಾದ ಮೇಲೆ ಅಜ್ಜಿ ಒಬ್ಬರೇ ಸಿಕ್ಕಿದರು. ಎಲೆಗೆ ಸುಣ್ಣ ಹಚ್ಚುತ್ತ, ಹತ್ತಿರ ಬಾ ಎಂದು ಕರೆದರು.

"ನಮ್ಮನೆ ಬಾಗ್ಲಲ್ಲೂ ಅಂತದ್ದೇ ಬೆಲ್ಲು ಅದೆ ಕನಪ್ಪ, ಅದುಮ್ಕೊಂಡೇ ಇದ್ರೆ ಸುಟ್ಟೋಯ್ತದೆ. ಎಲ್ಡನೇ ಸಲ ಕುಂತಾಗ್ಲೇ ಗೊತ್ತಾಯ್ತು. ಸುಟ್ಟೋಗೋಗಂಟ ಬಿಡ್ಬಾರ್ದು ಅಂತ್ಲೇ ಮೂರ್ನೇ ಸಲ ಗಟ್ಯಾಗಿ ಕುಂತೆ."

ಹಾಗಾದರೆ ನಾನು ನಿಜ ಹೇಳಿದಾಗ ಹೌದು ಎನ್ನಬಾರದಿತ್ತೇ ಎಂದು ಕೇಳಿದೆ.

"ಸುಳ್ಳ ಅಷ್ಟ್ ಚೆಂದಾಗಿ ಏಳ್ತೀಯ, ನಿಜ ಏಳಕ್ಕೆ ಬರಕಿಲ್ಲ ನಿಂಗೆ. ಯಾರೂ ನಂಬ್ನಿಲ್ಲ. ಅದ್ಕೇ ದೆವ್ವಾನೇ ಬುಡುಸ್ಬೇಕಾಯ್ತು."

ನಲವತ್ತು ಕಥೆ ಬರೆದ ಕೈಗಳನ್ನು ಜೋಡಿಸಿ, ಸಂಜೆ ಹೆಡತಲೆಗೆ ನಾನೇ ಕಾರಿನಲ್ಲಿ ಬಿಡುತ್ತೇನೆ ಎಂದೆ. ಅಜ್ಜಿ ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

"ಬ್ಯಾಡ ಕನಪ್ಪ, ಬಸ್ಸಲ್ಲಿ ಓಯ್ತೀನಿ. ಎಂಗಸ್ರಿಗೆ ಟಿಕೀಟಿಲ್ಲ, ಕತೆನೂ ಇಲ್ಲ."

ಸಂಜೆ ಅಜ್ಜಿ ಬಸ್ ಹತ್ತುವಾಗ ಸುನಂದಳೂ ಅವರ ಹಿಂದೆಯೇ ಹತ್ತಿದಳು.